ಮುಖ ನಿಮ್ಮದು, ದನಿ ಯಾರದು?

ಯಾರ ಮೇಲೂ ಅನುಮಾನ ಪಡದೆ ನಾನು ಒಂದು ವಾರ ಕಳೆದರೆ, ನಮ್ಮವರು ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡುತ್ತಾರೆ. ಅದರಲ್ಲಿ ನನ್ನ ತಪ್ಪೇನಿಲ್ಲ. ಅನುಮಾನ ಪಡಬೇಕಾದಂಥವರೇ ಹುಡುಕಿಕೊಂಡು ಬಂದು ನಮ್ಮ ಪಕ್ಕದಲ್ಲಿ ಮನೆ ಮಾಡುತ್ತಾರೆ. ಅಮೆರಿಕದ ಸಿನಿಮಾ ಊರಿನ ಪಕ್ಕದ ಟೊರೆನ್ಸ್‌ನಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆಗೆ ಬಂದ ಫ್ರೆಂಚ್ ತಾತನೂ ಹಾಗೇ ಬಂದವರು.

ಕೊರಳಿಗೆ ಮಫ್ಲರ್

ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ಉರಿಬಿಸಿಲು. ಈ ತಾತ ಮಾಸ್ಕ್ ಜೊತೆಗೆ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದು ಬೆಲ್ ಮಾಡಿದರು. ಪರಿಚಯ ಮಾಡಿಕೊಳ್ಳಲು ತಮ್ಮ ದೇಶದ ಪದ್ಧತಿಯಂತೆ ನಮ್ಮವರ ಕೆನ್ನೆಗೆ ಕೆನ್ನೆ ತಾಗಿಸಲು ಹೋದರು. ನಮ್ಮವರು ಹಿಂದಕ್ಕೆ ಹಾರಿ ತುಳಸಿ ಕುಂಡದ ಮೇಲೆ ಕೂತರು.

"ನಾನು ಸಿಂಗರ್," ಎಂದರು ತಾತ. "ಫಿಲ್ಮ್ ಆಕ್ಟರ್ ಕೂಡ. ಫ್ರಾನ್ಸ್‌ನಲ್ಲಿ."

ಅವರ ಇಂಗ್ಲಿಷೂ ಎಸ್ಸೆಸ್ಸೆಲ್ಸಿಗೆ ನಿಂತ ನನ್ನ ಇಂಗ್ಲಿಷೂ ಒಂದೇ ಮಟ್ಟದವು. ಹಾಗಾಗಿ ನಮ್ಮಿಬ್ಬರ ಮಾತು ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಇಂಜಿನಿಯರ್ ಆದ ನಮ್ಮವರ ಇಂಗ್ಲಿಷ್ ಮಾತ್ರ ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ.

ಬಾಗಿಲು ಹಾಕಿದ ಮೇಲೆ ನಮ್ಮವರು, "ಪಾಪ, ಒಳ್ಳೆಯವರು," ಎಂದರು.

"ಆಕ್ಟರ್ ಅಂತೆ! ಪಾರ್ಸಲ್ ತರುವವನೂ ಆಕ್ಟರ್ ಅಂತಾನೆ, ಕಾಫಿ ಕೊಡುವವಳೂ ಆಕ್ಟರ್ ಅಂತಾಳೆ. ಈ ಊರಲ್ಲಿ ಆಕ್ಟರ್ ಅಲ್ಲದವರು ಅಂದರೆ ನೀವೊಬ್ಬರೇ," ಎಂದೆ.

"ಮೀಟಿಂಗ್ ಇದೆ," ಎಂದು ಅವರು ಒಳಗೆ ಹೋದರು. ಪಾತ್ರೆ ತೊಳೆಯಲು ಬನ್ನಿ ಎನ್ನಲು ಹೋಗಿ ನೋಡಿದರೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದರು. ಅಲ್ಲಿಗೆ ಈ ಊರಿನ ಆಕ್ಟರ್‌ಗಳ ಲೆಕ್ಕ ಪೂರ್ತಿಯಾಯಿತು.

ಎರಡೂ ಒಬ್ಬರೇ?

ಒಂದು ಭಾನುವಾರ ತಾತ ತಮ್ಮ ಹಳೆಯ ಸಿನಿಮಾ ತೋರಿಸುತ್ತೇನೆ ಎಂದು ಕರೆದರು. ಮೊದಲು ಜೀವನಚರಿತ್ರೆ ಆಯಿತು. ಚಿಕ್ಕ ವಯಸ್ಸಿಗೇ ಒಂದು ಹಾಡು ಊರೂರಲ್ಲಿ ಹೆಸರು ಮಾಡಿತಂತೆ. ಅದನ್ನು ಕೇಳಿ ಸಿನಿಮಾದವರು ಕರೆದರಂತೆ. ಆಮೇಲೆ ಇಲ್ಲಿಯವರು ಪ್ರೇಮಿಯ ಪಾತ್ರ ಕೊಡುತ್ತೇವೆಂದು ಕರೆಸಿಕೊಂಡರಂತೆ. ಆ ಸಿನಿಮಾ ಅರ್ಧಕ್ಕೆ ನಿಂತಿತಂತೆ, ಇವರು ಇಲ್ಲೇ ಉಳಿದರಂತೆ. ಇಷ್ಟೊಂದು 'ಅಂತೆ' ಇರುವ ಕಥೆಯನ್ನು ಹೇಗೆ ನಂಬುವುದು?

ಸಿನಿಮಾದಲ್ಲಿ ತೆಳ್ಳಗಿನ ಹುಡುಗನೊಬ್ಬ ದೋಣಿಯಲ್ಲಿ ಕೂತು ಹಾಡುತ್ತಿದ್ದ. ಮೂಗು ನೋಡಿದರೆ ಇವರೇ, ಅದಕ್ಕೆ ಸಂಶಯವಿಲ್ಲ. ದನಿ ಮಾತ್ರ ಗಂಭೀರವಾಗಿ, ದೇವಸ್ಥಾನದ ಗಂಟೆಯ ಹಾಗಿತ್ತು.

"ಹಾಡಿದ್ದು ಯಾರು?" ಎಂದೆ.

"ನಾನು."

"ಅಲ್ಲ, ಆಕ್ಟ್ ಮಾಡಿದ್ದು ನೀವು. ಹಾಡಿದ್ದು?"

"ನಾನೇ!"

"ಮುಖ ನಿಮ್ಮದು. ಅದು ಕಾಣುತ್ತಿದೆ. ದನಿ ಯಾರದು?"

ನಮ್ಮಲ್ಲಿ ಹೀರೋ ಗುಡ್ಡದ ಮೇಲೆ ಕುಣಿಯುತ್ತಾನೆ, ಹಾಡುವವರು ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿಕೊಂಡು ಹಾಡುತ್ತಾರೆ. ಎರಡನ್ನೂ ತಾನೇ ಮಾಡುವವರು ಅಪರೂಪ. ಅಂಥವರ ಫೋಟೋಗೆ ಜನ ಹಾರ ಹಾಕಿ ಪೂಜೆ ಮಾಡುತ್ತಾರೆ. ಅವರು ಬಟ್ಟೆ ಬುಟ್ಟಿ ಹಿಡಿದುಕೊಂಡು, ಎರಡೂ ಮನೆಗೆ ಇರುವ ಒಂದೇ ವಾಷಿಂಗ್ ಮೆಷಿನ್ ಯಾವಾಗ ಖಾಲಿಯಾಗುತ್ತದೆ ಎಂದು ನಮ್ಮನ್ನು ಕೇಳುವುದಿಲ್ಲ.

"ನಮ್ಮ ದೇಶದಲ್ಲಿ ನಾವೇ ಹಾಡುತ್ತೇವೆ," ಎಂದು ತಾತ ಮುಖ ಊದಿಸಿದರು.

ಸಿನಿಮಾ ಮುಗಿಯುವ ತನಕ ನಾಯಕಿ ಸಿಗರೇಟು ಸೇದುತ್ತಾ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. ಯಾರನ್ನೂ ಮದುವೆಯಾಗಲಿಲ್ಲ. ದನಿ ಯಾರದು ಎಂದು ಅವಳಿಗೂ ಅನುಮಾನ ಬಂದಿರಬೇಕು.

ಉಸಿರಾಡುವ ಪಾತ್ರ

"ಬರ್ಬ್ಯಾಂಕ್‌ನಲ್ಲಿ ಶೂಟಿಂಗ್ ಇದೆ, ಡ್ರಾಪ್ ಕೊಡುತ್ತೀಯಾ?" ಎಂದು ಒಂದು ದಿನ ಕೇಳಿದರು. ನಾನು ಆಗತಾನೇ ಡ್ರೈವಿಂಗ್ ಕಲಿತಿದ್ದೆ. ಸುಳ್ಳನ್ನು ಬಾಗಿಲ ತನಕ ಹೋಗಿಯೇ ಹಿಡಿಯೋಣ ಎಂದು ಫ್ರೀವೇಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕರೆದುಕೊಂಡು ಹೋದೆ. ತಾತ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದರು. ಹಾಡೋ ಪ್ರಾರ್ಥನೆಯೋ ಗೊತ್ತಾಗಲಿಲ್ಲ.

ಸ್ಟುಡಿಯೋ ಗೇಟಿನಲ್ಲಿ ಗಾರ್ಡ್ ಅವರ ಹೆಸರು ನೋಡಿ ಒಳಗೆ ಬಿಟ್ಟ. ನನಗೆ ನಿರಾಸೆಯಾಯಿತು. ಮಧ್ಯಾಹ್ನ ಅವರು ಆಚೆ ಬಂದಾಗ ಕೇಳಿದೆ.

"ಏನು ಪಾತ್ರ?"

"ಆಸ್ಪತ್ರೆಯಲ್ಲಿ ಮಲಗಿರುವ ರೋಗಿ."

"ಡೈಲಾಗ್?"

"ಇಲ್ಲ. ಉಸಿರಾಡಬೇಕು. ನಿಧಾನವಾಗಿ."

"ಅಷ್ಟೇನಾ?"

"ಅಷ್ಟೇ ಅಲ್ಲ," ಎಂದು ಮಫ್ಲರ್ ಸರಿಮಾಡಿಕೊಂಡರು. "ನನ್ನ ಕೆಲಸ ಡೈರೆಕ್ಟರ್‌ಗೆ ಬಹಳ ಹಿಡಿಸಿತು. ಮುಂದಿನ ವಾರ ಮತ್ತೆ ಕರೆದಿದ್ದಾರೆ. ಸತ್ತವನ ಪಾತ್ರ."

"ಓ, ಪ್ರಮೋಷನ್," ಎಂದೆ.

ಬೇಕರಿಯಲ್ಲಿ ಅಳು

ಅದಾದ ಮೇಲೆ ಒಮ್ಮೆ ಅವರ ಜೊತೆ ಬ್ರೆಡ್ ತರಲು ಒಂದು ಫ್ರೆಂಚ್ ಬೇಕರಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ಇವರ ದನಿ ಕೇಳಿ ತಲೆಯೆತ್ತಿದಳು. ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಓಡಿ ಬಂದು ಇವರ ಎರಡೂ ಕೈ ಹಿಡಿದು ಗಳಗಳ ಅತ್ತಳು. ಫ್ರೆಂಚಿನಲ್ಲಿ ಏನೇನೋ ಹೇಳಿದಳು.

"ಅವಳ ತಾಯಿ ನನ್ನ ಹಾಡು ಕೇಳದೆ ಮಲಗುತ್ತಿರಲಿಲ್ಲವಂತೆ," ಎಂದು ತಾತ ವಿವರಿಸಿದರು.

"ಅದಕ್ಕೆ ಯಾಕೆ ಅಳಬೇಕು?"

ತಾತ ಬಗ್ಗಿ ಇಕ್ಕಳ ಎತ್ತಿಕೊಟ್ಟರು. "ನಾನು ಸತ್ತು ಬಹಳ ವರ್ಷವಾಯಿತು ಅಂದುಕೊಂಡಿದ್ದಳಂತೆ."

"ಆ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದಿರಾ?" ಎಂದು ಕೇಳಿಯೇ ಬಿಟ್ಟೆ.

ಮನೆಗೆ ಬಂದು ಹೇಳಿದಾಗ ನಮ್ಮವರು, "ಈಗಲಾದರೂ ನಂಬುತ್ತೀಯಾ?" ಎಂದರು.

"ಅದು ಹೇಗೆ ನಂಬಲಿ? ಮೊದಲೇ ಹೇಳಿಕೊಟ್ಟು ನನ್ನನ್ನು ಕರೆದುಕೊಂಡು ಹೋಗಿರಬಹುದು. ಅವಳೂ ಈ ಊರಿನವಳೇ ತಾನೇ? ಆಕ್ಟರೇ ಇರುತ್ತಾಳೆ."

ಹೊಟ್ಟೆಯ ಮೇಲೆ ಪುಸ್ತಕ

ಈಗ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ನಮ್ಮ ಮಗಳಿಗೆ ಆರು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಇರುವೆಗೆ ಕೇಳಿಸುವಷ್ಟು ಮೆಲ್ಲಗೆ. ಹಿಂದಿನ ವರ್ಷ ಸ್ಯಾನ್ ಡಿಯಾಗೋದ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹಾಡಲು ಸ್ಟೇಜ್ ಹತ್ತಿದವಳು, ಬಾಯಿ ತೆರೆಯದೆ ನಿಂತು ಅತ್ತು ಇಳಿದು ಬಂದಳು. ಕಾರ್ಯಕ್ರಮ ನಡೆಸುವ, ಪಕ್ಕದ ಕಾರ್ಲ್ಸ್‌ಬಾಡ್ ಊರಿನ ಆಂಟಿ ಮೈಕಿನಲ್ಲೇ, "ಪರವಾಗಿಲ್ಲ ಪುಟ್ಟಾ, ಮನೆಯಲ್ಲಿ ಅಮ್ಮ ಹೇಳಿಕೊಡಬೇಕಲ್ಲವಾ? ಅಮ್ಮಂಗೆ ಗೊತ್ತಿದ್ದರೆ ತಾನೇ!" ಎಂದು ನಕ್ಕರು. ಸಭೆಯೂ ನಕ್ಕಿತು. ಅವರ ಮೂರು ಡಿಗ್ರಿಯೂ ನನ್ನ ಎಸ್ಸೆಸ್ಸೆಲ್ಸಿಯೂ ಆ ನಗುವಿನಲ್ಲಿದ್ದವು. ಈ ವರ್ಷವೂ ಮಗಳು ಹಾಡದಿದ್ದರೆ ನಾನು ಮತ್ತೆ ಆ ಹಾಲಿಗೆ ಕಾಲಿಡುವ ಹಾಗಿರಲಿಲ್ಲ.

ನಮ್ಮಜ್ಜಿಯ ಜೋಗುಳವನ್ನು ನಾನೇ ಹೇಳಿಕೊಡತೊಡಗಿದೆ. ಗೋಡೆಯಾಚೆಯಿಂದ ತಾತ ಓಡಿ ಬಂದರು.

"ಅಪಘಾತ ಆಯಿತಾ?"

"ಹಾಡುತ್ತಿದ್ದೆ."

"ನಾನು ಕಲಿಸುತ್ತೇನೆ," ಎಂದರು ಗಾಬರಿಯಿಂದ.

ಜೋಗುಳವನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿ ಮೊದಲು ತಾವು ಬಾಯಿಪಾಠ ಮಾಡಿದರು. ಆಮೇಲೆ ಮಗಳನ್ನು ನೆಲದ ಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ದಪ್ಪ ಪುಸ್ತಕ ಇಟ್ಟು, "ಉಸಿರು ತೆಗೆದುಕೋ, ಬಿಡು," ಎಂದರು. ದಿನವೂ ಅದೇ. ಹಾಡಿನ ಸುದ್ದಿಯೇ ಇಲ್ಲ.

ಕೊನೆಗೆ ನನಗೆ ತಡೆಯಲಾಗಲಿಲ್ಲ. "ಉಸಿರಾಡುವ ಪಾತ್ರ ನಿಮ್ಮದು. ಅವಳಿಗೆ ಹಾಡು ಕಲಿಸಿ."

ರಾಜ್ಯೋತ್ಸವ

ಆ ದಿನ ತಾತನನ್ನೂ ಕಾರಿನಲ್ಲಿ ಕೂರಿಸಿಕೊಂಡು ಸ್ಯಾನ್ ಡಿಯಾಗೋಗೆ ಹೋದೆವು. ಅಜ್ಜಿಯ ಜೋಗುಳಕ್ಕೆ ಕರೋಕೆ ಸಂಗೀತ ಎಲ್ಲಿಂದ ತರುವುದು? ಶ್ರುತಿ ಹಿಡಿದುಕೊಡಲು ತಾತ ಪರದೆಯ ಮರೆಯಲ್ಲಿ ಒಂದು ಮೈಕ್ ಹಿಡಿದು ನಿಂತರು.

ಮಗಳು ರೇಷ್ಮೆ ಲಂಗ ಉಟ್ಟು, ಜೋಗುಳಕ್ಕೆಂದು ಒಂದು ಗೊಂಬೆ ಹಿಡಿದು ಸ್ಟೇಜಿಗೆ ಬಂದಳು. ಜನರನ್ನು ನೋಡಿದಳು. ಬಾಯಿ ತೆರೆದಳು. ಸದ್ದಿಲ್ಲ. ತಾತ ಒಮ್ಮೆ ಶ್ರುತಿ ಕೊಟ್ಟರು, ಮತ್ತೊಮ್ಮೆ ಕೊಟ್ಟರು. ಆಂಟಿ ಮೈಕ್ ಕೈಗೆ ತೆಗೆದುಕೊಳ್ಳುವುದು ಕಂಡಿತು. ನನ್ನ ಹೊಟ್ಟೆಯ ಮೇಲೆ ಯಾರೋ ಪುಸ್ತಕ ಇಟ್ಟ ಹಾಗಾಯಿತು.

ಆಗ ಹಾಡು ಶುರುವಾಯಿತು. ನಮ್ಮಜ್ಜಿಯ ಜೋಗುಳವೇ. ಆರು ವರ್ಷದ ಹುಡುಗಿ ಲಂಗ ಉಟ್ಟು ತುಟಿ ಆಡಿಸುತ್ತಿದ್ದಾಳೆ, ಬರುತ್ತಿರುವುದು ಎಂಬತ್ತರ ಹತ್ತಿರದ ಗಂಡಸಿನ ದಪ್ಪ ದನಿ. ಅದೇ ದೋಣಿಯ ದನಿ, ಅದೇ ಗಂಟೆ! ಅಂದರೆ ಇಷ್ಟು ದಿನ ಅವರು ಹೇಳಿದ್ದೆಲ್ಲ ನಿಜ. ಅದನ್ನು ಒಪ್ಪಿಕೊಳ್ಳಲು ಇದೇ ಹೊತ್ತು ಸಿಗಬೇಕಿತ್ತೇ!

ಆಂಟಿ ನನ್ನತ್ತ ಬಾಗಿ, "ಮಗುಗೆ ಶೀತ ಆಗಿದೆಯೇನ್ರೀ?" ಎಂದರು.

ನಾನು ಉತ್ತರ ಕೊಡುವ ಮೊದಲೇ ಮಗಳು ತುಟಿ ಆಡಿಸುವುದನ್ನು ನಿಲ್ಲಿಸಿದಳು. ಪರದೆಯ ಕಡೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ಮೈಕಿನಲ್ಲಿ ಕಿರುಚಿದಳು. "ತಾತಾ, ಇದು ನನ್ನ ಹಾಡು! ನೀವು ಸುಮ್ನೆ ಇರ್ತೀರಾ ಇಲ್ವಾ?"

ಅಚ್ಚ ಕನ್ನಡ. ನಾನು ದಿನವೂ ಅವರಪ್ಪನಿಗೆ ಹೇಳುವ ಮಾತು, ನನ್ನದೇ ರಾಗದಲ್ಲಿ. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಇಳಿಯುವ ಮೊದಲೇ ಅವಳು ಹೊಟ್ಟೆ ಉಬ್ಬಿಸಿ ಉಸಿರು ತೆಗೆದುಕೊಂಡು, ಮೊದಲಿನಿಂದ ಕೊನೆಯ ತನಕ ಒಬ್ಬಳೇ ಹಾಡಿದಳು. ಕೊನೆಯ ಸಾಲಿನವರಿಗೂ ಕೇಳಿಸಿತು.

"ಕನ್ನಡ ಎಷ್ಟು ಚೆನ್ನಾಗಿದೆ! ಯಾರು ಕಲಿಸಿದ್ದು?" ಎಂದರು ಆಂಟಿ.

"ಅಮ್ಮ," ಎಂದೆ. "ಅಮ್ಮಂಗೆ ಗೊತ್ತಿತ್ತು, ಅದಕ್ಕೆ."

ನಮ್ಮವರು ವಿಡಿಯೋ ಮಾಡಿದ್ದರು. ಸಂಭ್ರಮದಲ್ಲಿ ಮೊದಲ ತುಣುಕನ್ನಷ್ಟೇ ತುಮಕೂರಿಗೆ ನಮ್ಮಮ್ಮನಿಗೆ ಕಳಿಸಿಬಿಟ್ಟರು. ನಾವು ಇನ್ನೂ ದಾರಿಯಲ್ಲಿರುವಾಗಲೇ ಅಮ್ಮನ ಫೋನ್ ಬಂತು.

"ಏನೇ, ಮಗುವಿನ ಗಂಟಲು ಅಷ್ಟು ಕಟ್ಟಿದೆ, ಸ್ಟೇಜ್ ಹತ್ತಿಸಿದ್ದೀಯಲ್ಲ!"

"ಅಮ್ಮಾ, ಅದು ಅವಳಲ್ಲ. ಪಕ್ಕದ ಮನೆಯ ಫ್ರೆಂಚ್ ತಾತ ಹಾಡಿದ್ದು."

"ನನಗೇ ಕಥೆ ಹೇಳಬೇಡ. ಫ್ರಾನ್ಸಿನವರಿಗೆ ನಮ್ಮಮ್ಮನ ಹಾಡು ಎಲ್ಲಿಂದ ಬರಬೇಕು? ಶುಂಠಿ ಕಷಾಯ ಕುಡಿಸು," ಎಂದು ಫೋನ್ ಇಟ್ಟರು. ನನ್ನ ಅನುಮಾನ ಎಲ್ಲಿಂದ ಬಂದದ್ದು ಎಂದು ಈಗ ನಿಮಗೂ ಗೊತ್ತಾಗಿರಬೇಕು.

ಅಮ್ಮ ಹೇಳಿದ ಮೇಲೆ ಬಿಡುವ ಹಾಗಿಲ್ಲ. ಬೆಳಿಗ್ಗೆ ಕಷಾಯ ಮಾಡಿ, ಹಾಡಿದವರಿಗೇ ಕೊಂಡುಹೋಗಿ ಕೊಟ್ಟೆ. ಯಾಕೆಂದೂ ಹೇಳಿದೆ. ತಾತ ಒಂದು ಗುಟುಕು ಕುಡಿದು, ಮುಖ ಕಿವುಚಿದರು.

"ಅಂದರೆ ನಿನ್ನ ತಾಯಿ ನಾನೇ ಆ ಹುಡುಗಿ ಅಂತ ನಂಬಿದ್ದಾರೆ."

"ಹೌದು."

ತಾತ ಮಫ್ಲರ್ ಸರಿಮಾಡಿಕೊಂಡರು.

"ಮೊದಲು ರೋಗಿ. ಆಮೇಲೆ ಹೆಣ. ಈಗ ಆರು ವರ್ಷದ ಹುಡುಗಿ," ಎಂದರು. "ಪ್ರಮೋಷನ್?"