ಕೊಡೆ ಕಸಿದುಕೊಂಡ ಎಂಟು ದಿನ

ಇದನ್ನು ಬರೆಯಬೇಕೆಂದು ಮೂರು ಯುಗಾದಿಗೂ ಅಂದುಕೊಂಡೆ. ಮೂರು ಸಲವೂ ಪೆನ್ನಿನ ಮೇಲೆ ತಪ್ಪು ಹೊರಿಸಿ ಸುಮ್ಮನಾದೆ. ಈಗ ಹೇಳಿಬಿಡುತ್ತೇನೆ. ಹಿರಿಯೂರು ತಾಲ್ಲೂಕಿನಲ್ಲಿ ಸೂರ್ಯನ ಜೊತೆ ಮಾತು ಬಿಟ್ಟ ಹೆಂಗಸು ಯಾರಾದರೂ ಇದ್ದರೆ ಅವಳು ನನ್ನ ತಂಗಿ!

ಗಂಡ ತೀರಿಕೊಂಡ ಮೇಲೆ ಹರಿಯಬ್ಬೆಯ ನಮ್ಮ ಮನೆಗೇ ಬಂದಳು. ಕುರಿ ಹೊಡೆದುಕೊಂಡು ಹೊರಟರೆ ನೋಡಬೇಕಿತ್ತು: ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಕಾಲಿಗೆ ಕಾಲುಚೀಲ, ತಲೆಯ ಮೇಲೆ ಕಪ್ಪು ಕೊಡೆ. ಮೋಡವಿದ್ದರೂ ಕೊಡೆ. ಮದುವೆ ಚಪ್ಪರದೊಳಗೂ ಕೊಡೆ! ಗರಿಗಳ ಸಂದಿನಿಂದ ಬಿಸಿಲು ಇಣುಕುತ್ತದಂತೆ. ಫೋಟೋದವನು, "ಅಮ್ಮಾ, ಕೊಡೆ ಮಡಚ್ರಿ, ಮದುಮಗಳೇ ಕಾಣ್ತಿಲ್ಲ" ಅಂದರೆ, "ಅವಳ್ನೇ ಇದರ ಕೆಳಕ್ಕೆ ಬರಾಕೆ ಹೇಳಪ್ಪ, ಜಾಗ ಐತೆ" ಅಂದಳು. ನಮ್ಮ ಕುರಿಗಳಂತೂ ನನ್ನ ಕೂಗಿಗೆ ಕಿವಿ ಅಲ್ಲಾಡಿಸದೆ ಆ ಕೊಡೆಯ ಹಿಂದೆ ಮೆರವಣಿಗೆ ಹೊರಡುತ್ತಿದ್ದವು. ಐವತ್ತು ವರ್ಷ ಕುರಿ ಕಾಯ್ದವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಅವಳಿಗೆ ಲೂಪಸ್ ಎಂಬ ಕಾಯಿಲೆ. ದೇಹದ ಕಾವಲೇ ದೇಹದ ಮೇಲೆ ತಿರುಗಿ ಬೀಳುತ್ತದಂತೆ. ಅವಳಿಗದು ಮೂತ್ರಪಿಂಡದಲ್ಲಿ ಉರಿಯೂತವಾಗಿ ಕೂತಿತ್ತು. ಹುಚ್ಚು ಹಿಡಿದ ಕಾವಲು ನಾಯಿ ಕುರಿಯನ್ನೇ ಕಚ್ಚಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೂ ನಂಬಲಿಲ್ಲ!

ಅವಳ ರಕ್ತದ ರಿಪೋರ್ಟು ನನ್ನ ಕೈಗೆ ಸಿಕ್ಕಿದ್ದೇ ಅನಾಹುತ. ವಿಟಮಿನ್ ಡಿ ಕಡಿಮೆ ಎಂದಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ತಲೆಯಲ್ಲಿ ಗಂಟೆ ಹೊಡೆಯಿತು. ವಿಟಮಿನ್ ಡಿ ಎಲ್ಲಿಂದ? ಬಿಸಿಲಿನಿಂದ! ಬಡಕಲು ಮರಿಯನ್ನು ಬಿಸಿಲಿಗೆ ಕಟ್ಟಿ ಚೇತರಿಸುವುದು ನಮ್ಮ ಹಟ್ಟಿಯ ಹಳೇ ಮದ್ದು. ಪುಸ್ತಕವೂ ಹಟ್ಟಿಯೂ ಒಂದೇ ಮಾತು ಹೇಳಿದ ಮೇಲೆ ನನ್ನನ್ನು ಹಿಡಿಯುವವರುಂಟೇ?

ಕೊಡೆ ಕಸಿದು ಕಣಜದ ಹಿಂದೆ ಬಚ್ಚಿಟ್ಟೆ.

"ಅದಕ್ಕೆ ಗುಳಿಗೆ ಕೊಟ್ಟವ್ರೆ ಕಣಣ್ಣ. ಬಿಸ್ಲು ಮಾತ್ರ ಬ್ಯಾಡ ಅಂದವ್ರೆ ಡಾಕ್ಟ್ರು."

"ಅವರು ಎಷ್ಟು ಮರಿ ಬದುಕಿಸವ್ರೆ ಲೇ? ಕುಂತ್ಕ!"

ಕೂತಳು. ಅಣ್ಣ ಹೇಳಿದನೆಂದು ಕೂತಳು. ಮುಖ ಕೆಂಪೇರಿದ್ದನ್ನು ಕಂಡು, ತಂಗಿಗೆ ಕಳೆ ಬಂತೆಂದು ಊರೆಲ್ಲ ಹೇಳಿಕೊಂಡು ಬಂದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ! ಮೂರನೇ ದಿನ, "ಅಣ್ಣ, ಉಣ್ಣೆ ಯಾವಾಗ ಕತ್ತರಿಸ್ತೀಯ?" ಎಂದು ನಕ್ಕಳು. ಎಂಟನೇ ದಿನ ನಗಲಿಲ್ಲ. ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ನಿಲ್ಲಿಸಿಕೊಂಡರು. "ಬಿಸಿಲು ತಾಗಿದರೆ ಈ ಕಾಯಿಲೆ ಕೆರಳುತ್ತೆ. ಬಿಸಿಲಿಗೆ ಹೋಗೋ ಹಾಗಿಲ್ಲ ಅಂತಾನೇ ವಿಟಮಿನ್ ಡಿಗೆ ಗುಳಿಗೆ ಕೊಟ್ಟಿದ್ದು. ಈಗ ಉರಿಯೂತ ಹೆಚ್ಚಾಗಿದೆ, ಕಿಡ್ನಿ ಉಳಿಯುತ್ತೋ ಇಲ್ಲವೋ ನೋಡಬೇಕು. ಯಾರ್ರೀ ಇವರನ್ನ ಬಿಸಿಲಲ್ಲಿ ಕೂರಿಸಿದ್ದು?"

ನಾನು ಗೋಡೆ ನೋಡಿದೆ. ಹಾಸಿಗೆಯಿಂದ ಉತ್ತರ ಬಂತು: "ನಾನೇ ಕುಂತ್ಕಂಡೆ ಮೇಡಂ."

ಆ ಸುಳ್ಳಿನ ಮೇಲೆ ನನಗೆ ಇಂದಿಗೂ ಸಿಟ್ಟು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನಲ್ಲ!

ಮೂತ್ರಪಿಂಡ ಪೂರ್ತಿ ಹೋಗಲಿಲ್ಲ. ಅರ್ಧ ಸೋತು ನಿಂತಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದಾಗಲೆಲ್ಲ ಹೊರಗೆ ಬರುವುದು "ಗುಳಿಗೆ ನುಂಗಿದ್ಯೇನೇ?" ಎಂಬ ಗದರಿಕೆ. ಈ ಬರಹದಲ್ಲಾದರೂ ಅವಳ ಹೆಸರು ಹಿಡಿದು ಕ್ಷಮೆ ಕೇಳಿಕೊಳ್ಳೋಣವೆಂದರೆ ಮೊದಲ ಅಕ್ಷರದಲ್ಲೇ ಕೈ ನಿಲ್ಲುತ್ತದೆ. ಬೇಡ, ಪೆನ್ನಿನ ತಪ್ಪಲ್ಲ.

ಮೊನ್ನೆ ಹಿರಿಯೂರಿನಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ನೆತ್ತಿ ಸುಡುವ ಬಿಸಿಲು. ಇದ್ದಕ್ಕಿದ್ದಂತೆ ನನ್ನ ತಲೆ ತಂಪಾಯಿತು. ತಿರುಗಿ ನೋಡಿದರೆ ಕೊಡೆ ನನ್ನ ಕಡೆಗೆ ವಾಲಿದೆ. ಅವಳ ಎಡಗೆನ್ನೆಯ ಮೇಲೆ ಬಿಸಿಲು.

"ನೆಟ್ಟಗೆ ಹಿಡಿಯೇ ಕೊಡೇನ!" ಎಂದು ಜನವೆಲ್ಲ ತಿರುಗಿ ನೋಡುವಂತೆ ಗದರಿ ಕೊಡೆ ಕಸಿದುಕೊಂಡೆ. ಬಸ್ಸು ಬರುವವರೆಗೂ ಅದನ್ನು ಅವಳ ತಲೆಯ ಮೇಲೆ ಹಿಡಿದು ನಿಂತೆ.