ನೆಲಮಾಳಿಗೆಯ ರಾಕ್ಷಸ ಹಾಗೂ ಪ್ರಶ್ನೆ ಕೇಳುವ ಹುಡುಗಿಯ ಕುರಿತು

ದಿನಾಂಕ: 14 ಮಾರ್ಚ್, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ
ಸಂಖ್ಯೆ: ತೂ.ಅ./ರಾಕ್ಷಸ/1 (ಈ ಶೀರ್ಷಿಕೆಯ ಕಡತ ಹಿಂದೆ ಇದ್ದದ್ದು ಕಂಡುಬಂದಿಲ್ಲ)

ವಿಷಯ: ಕಚೇರಿ ಕಟ್ಟಡದಲ್ಲಿ ಚಿತ್ರೀಕರಣವಾಗುತ್ತಿರುವ ಚಲನಚಿತ್ರದ ರಾಕ್ಷಸ ಮತ್ತು ಯುವ ಪತ್ರಕರ್ತೆಯೊಂದಿಗೆ ಸಿಬ್ಬಂದಿ ನಡೆದುಕೊಳ್ಳಬೇಕಾದ ರೀತಿ.

ಉಲ್ಲೇಖ: 1. ಚಿತ್ರದ ನಿರ್ದೇಶಕಿಯ ಮನವಿ.
2. ಈ ಕಚೇರಿಯ ಉಪನಿರ್ದೇಶಕರ ರಜೆ ಅರ್ಜಿ (ಮೆಟ್ಟಿಲಿಳಿಯುತ್ತಾ ಬರೆದದ್ದು).

ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಈ ತೂಕ ಮತ್ತು ಅಳತೆ ಕಚೇರಿಯಲ್ಲಿ, ದೊಡ್ಡ ಕಂಪನಿಗಳ ಹಂಗಿಲ್ಲದ ಸಣ್ಣ ತಂಡವೊಂದು ಕಲ್ಪನಾಲೋಕದ ಚಿತ್ರವೊಂದನ್ನು ತೆಗೆಯುತ್ತಿರುವುದು ಸರಿಯಷ್ಟೆ. ನೆಲಮಾಳಿಗೆಯಲ್ಲಿ ಬಹುಕಾಲದಿಂದ ಅಡಗಿರುವ ರಾಕ್ಷಸನನ್ನು ಪತ್ರಕರ್ತೆಯೊಬ್ಬಳು ಪತ್ತೆಹಚ್ಚಿ, ಮಾತಾಡಿಸಿ, ಕೈಹಿಡಿದು ಹೊರಗೆ ಕರೆತರುವುದು ಅದರ ಕಥೆ. ಹೊರಗೆ ಬರುವ ಕೊನೆಯ ದೃಶ್ಯವೊಂದು ಬಾಕಿ ಇದೆ. ಮಂಗಳವಾರ ನಡೆದ ಗೊಂದಲದಿಂದ ಆ ದೃಶ್ಯಕ್ಕೆ ಅನುಮತಿ ತಡೆಹಿಡಿಯಲ್ಪಟ್ಟಿದ್ದು, ಎಲ್ಲ ಅಂಶಗಳನ್ನು ಪರಿಶೀಲಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ರಾಕ್ಷಸ ವೇಷದ ನಟನು ಕುಡಿಯುವ ನೀರೆಲ್ಲಿ ಎಂದು ಕೇಳಲು ಅಂಗಡಿಯವರ ಸಾಲಿನಲ್ಲಿ ನಿಂತಿದ್ದನು. ಎದುರಿಗೆ ಬಂದದ್ದನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವುದು ಇಲ್ಲಿನ ರೂಢಿ. ಅದರಂತೆ ಗುಮಾಸ್ತರು ತಲೆಯೆತ್ತದೆ, "ಸಾಮಾನು ಮೇಲಿಡ್ರೀ, ಹಿಂದೆ ಜನ ಕಾಯ್ತಿದಾರೆ" ಎಂದು ಗದರಿಸಿ, ಮೇಲಿಟ್ಟ ಬಾಲಕ್ಕೆ 'ನಿಖರ' ಎಂಬ ಮುದ್ರೆ ಒತ್ತಿರುತ್ತಾರೆ. ಇನ್ನು ಮುಂದೆ ಮುದ್ರೆ ಒತ್ತುವ ಮುನ್ನ ತಲೆಯೆತ್ತಿ ನೋಡತಕ್ಕದ್ದು. ತಲೆಯೆತ್ತುವುದನ್ನು ಹೆಚ್ಚುವರಿ ಕೆಲಸವೆಂದು ಪರಿಗಣಿಸಲಾಗುವುದಿಲ್ಲ.

2. ಸದರಿ ಮುದ್ರೆ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿದ ಬಾಲವನ್ನು ಸಾರ್ವಜನಿಕವಾಗಿ ಆಡಿಸುವುದು ದಂಡಾರ್ಹ.

3. ಕಾರಿಡಾರಿನ ಫ್ಯಾನುಗಳಿಗೆ ಕೊಂಬು ತಗಲದಂತೆ ರಾಕ್ಷಸನು ತಲೆ ತಗ್ಗಿಸಿ ನಡೆಯತಕ್ಕದ್ದು. ಫ್ಯಾನಿನ ಕೆಳಗೆ ಕುಳಿತ ಅಧಿಕಾರಿಗಳು ಅದನ್ನು ತಮಗೆ ಸಂದ ಗೌರವವೆಂದು ಭಾವಿಸಿ ಪ್ರತಿನಮಸ್ಕಾರ ಮಾಡಕೂಡದು. ಈಗಾಗಲೇ ಮಾಡಿರುವವರು ಹಿಂಪಡೆಯಬೇಕಾಗಿಲ್ಲ.

4. ತನ್ನನ್ನು ಯಾರೂ ಕ್ಯಾರೇ ಅನ್ನಲಿಲ್ಲವೆಂದು ನಟನು ನೊಂದಿರುತ್ತಾನೆ. "ಮೂರು ಗಂಟೆ ಕೂತು ಬಣ್ಣ ಹಚ್ಚಿಸ್ಕೊಂಡಿದೀನಿ ಸಾರ್, ಒಬ್ರಾದ್ರೂ ಬೆಚ್ಚಿಬೀಳಬಾರ್ದಾ?" ಎಂಬುದು ಅವನ ಅಳಲು. ಆದ್ದರಿಂದ ಪ್ರತಿ ಶಾಖೆಯಿಂದ ಸರದಿಯಂತೆ ಒಬ್ಬರು ಹೆದರತಕ್ಕದ್ದು. ಈಗಾಗಲೇ ಉಪನಿರ್ದೇಶಕರಿಗೆ ಹೆದರುತ್ತಿರುವವರಿಗೆ, ಎರಡೂ ಭಯಗಳನ್ನು ಏಕಕಾಲದಲ್ಲಿ ನಿಭಾಯಿಸುವುದು ಕಷ್ಟವಾದ್ದರಿಂದ, ವಿನಾಯಿತಿ ನೀಡಲಾಗಿದೆ.

5. ಆದರೆ ಪತ್ರಕರ್ತೆಯ ಪಾತ್ರದ ಹುಡುಗಿ ಮೈಕು ಹಿಡಿದು ಒಳಬಂದ ಕೂಡಲೇ ಇಡೀ ಮಹಡಿ ಕಾಲಿಗೆ ಬುದ್ಧಿ ಹೇಳಿತೆಂಬುದು ಗಮನಕ್ಕೆ ಬಂದಿದೆ. ಹಿರಿಯ ನಿರೀಕ್ಷಕರು ಉಗ್ರಾಣದಲ್ಲಿ ತೂಕದ ಕಲ್ಲುಗಳ ನಡುವೆ ಕುಳಿತಿದ್ದು, ಸಂಜೆ ಎಣಿಕೆಯಲ್ಲಿ ಒಂದು ಹೆಚ್ಚಾಗಿ ಬಂದಿದ್ದರಿಂದ ಪತ್ತೆಯಾದರು. ಉಪನಿರ್ದೇಶಕರು ಹಿಂಬದಿಯ ಮೆಟ್ಟಿಲಿಂದಲೇ ರಜೆಯ ಮೇಲೆ ತೆರಳಿದ್ದು, ಅವರ ಹುದ್ದೆಯ ಪ್ರಭಾರವು ಅಧೀಕ್ಷಕರಿಗೆ ಬಂದಿರುತ್ತದೆ.

6. ಆದುದರಿಂದ ಸದರಿ ಹುಡುಗಿಯ ಬೆನ್ನಿಗೆ 'ಇವರು ನಿಜವಾದ ಪತ್ರಕರ್ತೆಯಲ್ಲ' ಎಂಬ ಫಲಕ ತೂಗುಹಾಕಲಾಗುವುದು. ನಿಜವಾದ ಪತ್ರಕರ್ತರು ಬಂದಲ್ಲಿ ಫಲಕವನ್ನು ಅವರಿಗೆ ಎರವಲು ಕೊಡಕೂಡದು.

7. ಎಲ್ಲರೂ ಓಡಿದಾಗ ಅಧೀಕ್ಷಕರು ಮಾತ್ರ ಓಡಲಿಲ್ಲ. ಅವರ ಕೈಯಲ್ಲಿ ಕಚೇರಿಯ ಹಿತ್ತಾಳೆಯ ಮಾದರಿ ತೂಕವಿತ್ತು, ಅದನ್ನು ಹಿಡಿದು ಓಡುವಂತಿಲ್ಲ. ಅವರು ರಾಕ್ಷಸನ ಹಿಂದೆ ಸುಮ್ಮನೆ ನಿಂತಿದ್ದರು. ಹುಡುಗಿ ಮೈಕು ಚಾಚಿ, "ಇಷ್ಟು ವರ್ಷ ಕತ್ತಲಲ್ಲಿ ಕೂತಿದ್ದೀರಲ್ಲ, ಒಂದು ಮಾತು ಹೊರಗೆ ಹೇಳ್ಬೇಕು ಅಂತ ಯಾವತ್ತೂ ಅನ್ಸಲಿಲ್ವಾ?" ಎಂದು ರಾಕ್ಷಸನನ್ನು ಕೇಳಿದಳು. ರಾಕ್ಷಸನ ರಬ್ಬರಿನ ದವಡೆ ಅಂಟಿಕೊಂಡಿದ್ದರಿಂದ ಅವನು ಬಾಯಿಬಿಡಲಿಲ್ಲ. ಪ್ರಶ್ನೆ ತಮಗೇ ಎಂದುಕೊಂಡ ಅಧೀಕ್ಷಕರು ಬಾಯಿಬಿಟ್ಟರು.

"ಅನ್ಸುತ್ತೆ ಕಣಮ್ಮಾ, ದಿನಾ ಅನ್ಸುತ್ತೆ. ನಮ್ಮ ದೊಡ್ಡ ತಕ್ಕಡಿನೇ ಸರಿಯಿಲ್ಲ. ಊರಿನ ತಕ್ಕಡಿಗಳನ್ನೆಲ್ಲ ಅದಕ್ಕೆ ಹೋಲಿಸಿ ಮುದ್ರೆ ಒತ್ತೋದು. ಹೇಳೋಕೆ ಹೋದಾಗೆಲ್ಲ, ನಿಂಗ್ಯಾಕಯ್ಯಾ, ಸುಮ್ನಿರು ಅಂದ್ರು. ನೀನು ಕೇಳಿದ್ಯಲ್ಲಾ, ಅಷ್ಟು ಸಾಕು ತಾಯಿ."

ಇಷ್ಟೂ ಕ್ಯಾಮೆರಾದಲ್ಲಿ ದಾಖಲಾಗಿದೆ. ಮನೆಗೆ ಹೋದ ಅಧೀಕ್ಷಕರು ಊಟ ಸೇರದೆ ಕುಳಿತಿದ್ದು, ಅವರ ಮಗಳು, "ಸಿನಿಮಾದಲ್ಲಿ ಬರ್ತೀಯಾ ಅಂತ ಖುಷಿಪಡಪ್ಪಾ, ಹೆಣ ಹೊತ್ತವರ ಥರ ಕೂತಿದ್ದೀಯಲ್ಲಾ" ಎಂದು ಛೇಡಿಸಿದ್ದನ್ನೂ ಇಲ್ಲಿ ದಾಖಲಿಸಲಾಗಿದೆ.

8. ಸದರಿ ಭಾಗವನ್ನು ಅಳಿಸದ ಹೊರತು ಕೊನೆಯ ದೃಶ್ಯಕ್ಕೆ ಅನುಮತಿಯಿಲ್ಲ ಎಂದೂ, ಅಳಿಸದಿದ್ದಲ್ಲಿ ಅಧೀಕ್ಷಕರನ್ನು ಅಮಾನತಿನಲ್ಲಿ ಇಡಲಾಗುವುದೆಂದೂ ಉಪನಿರ್ದೇಶಕರು ದೂರವಾಣಿಯಲ್ಲಿ ಆದೇಶಿಸಿರುತ್ತಾರೆ. ನಿರ್ದೇಶಕಿಯು ಎರಡು ದಿನ ಬಾಗಿಲಲ್ಲಿ ಕುಳಿತು, "ಅದನ್ನ ಕತ್ತರಿಸಿದ್ರೆ ನನ್ನ ಸಿನಿಮಾಕ್ಕೆ ಜೀವಾನೇ ಇರಲ್ಲ. ಆದ್ರೆ ನಿಮ್ಮ ಅನ್ನ ಕಿತ್ಕೊಂಡು ನಾನು ಸಿನಿಮಾ ಮಾಡಲ್ಲ, ನೀವೇ ಹೇಳಿ ಸಾರ್" ಎಂದು ಅಧೀಕ್ಷಕರಿಗೇ ಬಿಟ್ಟಿರುತ್ತಾರೆ.

9. ದೂರವಾಣಿ ಆದೇಶವನ್ನು ಲಿಖಿತವಾಗಿ ನೀಡುವಂತೆ ಉಪನಿರ್ದೇಶಕರನ್ನು ಕೋರಲಾಗಿದೆ. ಲಿಖಿತವಾಗಿ ನೀಡಿದಲ್ಲಿ ಅವರು ರಜೆಯಲ್ಲಿರದೆ ಕರ್ತವ್ಯದಲ್ಲಿದ್ದರೆಂದೂ, ಆದ್ದರಿಂದ ಪತ್ರಕರ್ತೆಯ ಪ್ರಶ್ನೆಗೆ ಅವರೇ ಉತ್ತರಿಸಬೇಕಿತ್ತೆಂದೂ ಸಾಬೀತಾಗುತ್ತದೆ. ಬೆಳಿಗ್ಗೆಯಿಂದ ಅವರ ದೂರವಾಣಿ ಕರೆ ಬಂದಿರುವುದಿಲ್ಲ.

10. ಪ್ರಭಾರದಲ್ಲಿರುವ ಅಧೀಕ್ಷಕರು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಏನನ್ನೂ ಅಳಿಸಬೇಕಾಗಿಲ್ಲವೆಂದು ತೀರ್ಮಾನಿಸಿರುತ್ತಾರೆ. ಕೊನೆಯ ದೃಶ್ಯಕ್ಕಾಗಿ ಭಾನುವಾರ ಮುಂಬಾಗಿಲಿನ ಎರಡೂ ಕದಗಳನ್ನು ಪೂರ್ತಿ ತೆರೆದಿಡತಕ್ಕದ್ದು. ರಾಕ್ಷಸನು ಬೆಳಕಿಗೆ ಬರುವಾಗ ಯಾರೂ ಸುಮ್ಮನಿರು ಎನ್ನಕೂಡದು.

(ಸಹಿ)
ಅಧೀಕ್ಷಕರು
ಪ್ರಭಾರ ಉಪನಿರ್ದೇಶಕರು (ಅಮಾನತಾಗುವವರೆಗೆ)

ಪ್ರತಿಗಳು:
1. ಉಪನಿರ್ದೇಶಕರಿಗೆ, ರಜೆಯಲ್ಲಿ ಇದ್ದಲ್ಲಿ ಓದಬೇಕಾಗಿಲ್ಲ.
2. ಹಿರಿಯ ನಿರೀಕ್ಷಕರಿಗೆ, ಉಗ್ರಾಣದ ವಿಳಾಸಕ್ಕೆ.
3. ರಾಕ್ಷಸನಿಗೆ, ದವಡೆ ಬಿಡಿಸಿಕೊಂಡ ನಂತರ ಸ್ವೀಕೃತಿ ನೀಡಲು.
4. ನಿರ್ದೇಶಕಿಗೆ, ಸಂತೋಷದಿಂದ.
5. ಊರಿನ ಎಲ್ಲ ಅಂಗಡಿಯವರಿಗೆ ಮತ್ತು ಗಿರಾಕಿಗಳಿಗೆ, ಮಾಹಿತಿಗಾಗಿ: ಈ ಕಚೇರಿಯ ದೊಡ್ಡ ತಕ್ಕಡಿಯು ಪ್ರತಿ ಕಿಲೋಗೆ 37 ಗ್ರಾಂ ಹೆಚ್ಚು ತೋರಿಸುತ್ತದೆ.