ಮಚಲಿಪಟ್ಟಣದ ನೀರು

ಉಮಾಪತಿ ಮಾಡಿದ ತಪ್ಪು ಒಂದೇ. ಮಚಲಿಪಟ್ಟಣಕ್ಕೆ ಹೋಗುವ ಸುದ್ದಿಯನ್ನು ಕುರುಗೋಡಿನ ಬೀದಿ ನಲ್ಲಿಯ ಹತ್ತಿರ ಬಾಯಿಬಿಟ್ಟ.

ಟೈಲರ್ ಉಮಾಪತಿಗೆ ಆಂಧ್ರದ ಕಡಲತೀರದ ಆ ಊರೆಂದರೆ ಹುಚ್ಚು. ಸಮುದ್ರ ಉಕ್ಕಿ ಗುಡಿಸಿಹಾಕಿದರೂ, ಚಂಡಮಾರುತ ಕೆಡವಿದರೂ ಮತ್ತೆ ಎದ್ದು ನಿಂತ ಊರು. ಅಲ್ಲಿಯ ಡಚ್ಚರ ಕೋಟೆಯನ್ನು ಒಮ್ಮೆ ಕಣ್ತುಂಬ ನೋಡಬೇಕೆಂದು ವರ್ಷವಿಡೀ ಅಂಗಡಿಗೆ ರಜೆ ಹಾಕದೆ ದುಡಿದಿದ್ದ.

ಸಂಜೆಗೆ ಪಕ್ಕದ ಮನೆಯ ಪಕ್ಕೀರಮ್ಮ ಖಾಲಿ ಎಣ್ಣೆ ಕ್ಯಾನು ಹಿಡಿದು ಬಂದಳು. "ಸಮುದ್ರದ ನೀರು ತಗೊಂಡು ಬಾರಪ್ಪ. ಅಮಾಸಿ ದಿನ ಮನಿಗೆ ಚಿಮುಕಿಸಿದ್ರ ದೃಷ್ಟಿ ಹೋಗ್ತೈತಿ."

ಅವಳ ಹಿಂದೆ ಓಣಿಯೇ ಕ್ಯಾನು ಹಿಡಿದು ನಿಂತಿತ್ತು.

"ನಾ ಊರು ನೋಡಾಕ ಹೊಂಟೀನಕ್ಕ."

"ಊರು ಎಲ್ಲಿ ಓಡಿ ಹೋಗ್ತೈತ್ರಿ? ಮೊದ್ಲು ನೀರು ತುಂಬ್ರಿ," ಎಂದಳು ಹೆಂಡತಿ ಜ್ಯೋತಿಲಕ್ಷ್ಮಿ.

ಮಚಲಿಪಟ್ಟಣದಲ್ಲಿ ಇಳಿದವನು ಕ್ಯಾನುಗಳ ಸಮೇತ ಆಟೋದಲ್ಲಿ ನೇರ ಕಡಲಿಗೆ ಹೋದ. ಅಲ್ಲಿ ನೋಡಿದರೆ ಕುರುಗೋಡಿನ ಹೊಲದಂಥದೇ ಕರಿಮಣ್ಣು. ಇದನ್ನು ತುಳಿಯಲು ರಾತ್ರಿಯಿಡೀ ರೈಲಿನಲ್ಲಿ ಕೂತು ಬರಬೇಕಿತ್ತೇ ಎನಿಸಿತು. ಅಷ್ಟರಲ್ಲಿ ಹೆಂಡತಿಯ ವಿಡಿಯೋ ಕಾಲ್ ಬಂತು.

"ನೀರು ಕರ್ರಗ ಐತ್ರಿ, ಪಕ್ಕೀರಮ್ಮಕ್ಕ ಬ್ಯಾಡ ಅಂತಾಳ. ಇನ್ನೂ ಒಳಗ ಹೋಗ್ರಿ."

ಸೊಂಟದ ಮಟ್ಟಕ್ಕೆ ಇಳಿದಾಗ ಅಲೆ ಬಂದು ಕ್ಯಾನುಗಳನ್ನು ಎಳೆದೊಯ್ದಿತು. ಮೀನುಗಾರರು ನಗುತ್ತಲೇ ದೋಣಿಯಲ್ಲಿ ಹೋಗಿ ಒಂದೊಂದಾಗಿ ಹಿಡಿದು ತಂದರು. ಎಲ್ಲ ತುಂಬುವಷ್ಟರಲ್ಲಿ ರೈಲಿನ ಹೊತ್ತಾಯಿತು. ವಾಪಸು ಬರುವಾಗ ಆಟೋದವನು ಒಂದು ಕಡೆ ಕೈ ತೋರಿಸಿ, "ಅದೇ ಕೋಟ," ಎಂದ. ಉಮಾಪತಿ ತಿರುಗಿ ನೋಡಿದ. ಕ್ಯಾನುಗಳು ಅಡ್ಡ ಇದ್ದವು. ಅವನಿಗೆ ಅಳುವೇ ಬಂತು.

ರೈಲಿನಲ್ಲಿ ಮುಚ್ಚಳಗಳು ಸೋರಿ ಕೆಳಗಿನವರ ಹಾಸಿಗೆ ತೊಯ್ದಿತು. ಟಿಸಿ ಬಂದು ಗದರಿಸಿ ಅಷ್ಟೂ ನೀರನ್ನು ಚೆಲ್ಲಿಸಿದ. ಬರಿಗೈಲಿ ಮನೆಗೆ ಹೋಗುವ ಧೈರ್ಯ ಉಮಾಪತಿಗಿರಲಿಲ್ಲ. ಬಳ್ಳಾರಿಯಲ್ಲಿ ಇಳಿದು ಕಲ್ಲುಪ್ಪು ಕೊಂಡ, ನಲ್ಲಿ ನೀರಿಗೆ ಕದಡಿ ಕ್ಯಾನುಗಳನ್ನು ತುಂಬಿದ.

ಅಮಾವಾಸ್ಯೆಯ ಮರುದಿನ ಪಕ್ಕೀರಮ್ಮ ಅಂಗಡಿಗೇ ಬಂದಳು. ಉಮಾಪತಿ ತಲೆ ಎತ್ತದೆ ಹೊಲಿಗೆ ಯಂತ್ರ ತುಳಿಯತೊಡಗಿದ.

"ಏನು ನೀರಪ್ಪ ಅದು! ಮುನಿಸ್ಕೊಂಡು ತೌರಿಗೆ ಹೋಗಿದ್ದ ಸೊಸಿ ತಾನಾಗೇ ಬಂದ್ಲು. ಓಣ್ಯಾಗ ಎಲ್ರಿಗೂ ಇನ್ನೊಮ್ಮಿ ಬೇಕಂತ."

ಉಮಾಪತಿಯ ಮುಖ ಅರಳಿತು. ಉಪ್ಪು ಬಳ್ಳಾರಿಯಲ್ಲೇ ಸಿಗುತ್ತದೆ. ಈ ಸಲ ದಿನವಿಡೀ ಕೋಟೆ ನೋಡಬಹುದು.

"ಅದಕ್ಕೇನಕ್ಕ, ನಾಳೇನ ಹೊಂಡ್ತೀನಿ."

"ಒಬ್ಬನ್ನ ಹೆಂಗ ಕಳಿಸಾದು? ಈ ಸಲ ಓಣಿ ಮಂದಿ ಎಲ್ಲ ಬರ್ತೀವಿ. ನಿನಗ ಆ ಸಮುದ್ರದ ರೂಢಿ ಐತಿ, ನೀ ನೀರು ತುಂಬು. ನಾವು ಅಷ್ಟ್ರಾಗ ಊರು ನೋಡ್ಕೊಂಡು ಬರ್ತೀವಿ."